ಹಲಗೆಯ ಗೇಟು

ಆ ಮನೆಗೆ ಎರಡು ಬಾಗಿಲು. ಮುಂದಿನದು ಓಣಿಗೆ, ಹಿಂದಿನದು ನೀರಿಗೆ. ಓಣಿಯ ಬಾಗಿಲಿಂದ ಒಳಗೆ ಬರುತ್ತಿದ್ದದ್ದು ಕರೆಂಟಿನ ಬಿಲ್ಲು, ಅತ್ತೆಯ ಮಾತ್ರೆಗಳು ಮತ್ತು ಕರೆಯದ ನೆಂಟರು. ಸಂಸಾರಕ್ಕೆ ಅನ್ನ ಬರುತ್ತಿದ್ದದ್ದೆಲ್ಲ ಹಿಂದಿನ ಬಾಗಿಲಿಂದ. ಈ ಮಾತನ್ನು ಸೊಸೆ ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಹೇಳಿದರೆ ಗಂಡನ ಮುಖ ಸಣ್ಣದಾಗುತ್ತದೆ, ಮಾವನ ಮೂಗಿನ ತುದಿಗೆ ಸಿಟ್ಟು ಬಂದು ಕೂರುತ್ತದೆ, ಅತ್ತೆ ಎರಡು ದಿನ ಪಾತ್ರೆಗಳ ಜೊತೆ ಮಾತ್ರ ಮಾತಾಡುತ್ತಾರೆ. ಹೇಳದೆಯೂ ಅದು ಎಲ್ಲರಿಗೂ ಗೊತ್ತಿತ್ತು.

ಹಿಂದೆ ಏನಿತ್ತೆಂದರೆ, ಒಲೆ ಹೂಡಿದ ತಗಡಿನ ಚಪ್ಪರ. ಅದರಾಚೆ ದಂಡೆಗುಂಟ ಸಾಗುವ ಕಾಲುದಾರಿ. ಕಾಲುದಾರಿಯಾಚೆ ನೀರಿನೊಳಕ್ಕೆ ಚಾಚಿಕೊಂಡ ಮರದ ಜೆಟ್ಟಿ. ಮನೆಯವರ ಬಾಯಲ್ಲಿ ಅದು ಬರೀ ‘ಹಲಗೆ’. ದೋಣಿ ಕಟ್ಟುವ ಬಡಗಿಯಾಗಿದ್ದ ಮಾವ, ಸುತ್ತಲಿನವರಿಗೆಲ್ಲ ಅವರು ಮೇಸ್ತ್ರಿ, ಹರೆಯದಲ್ಲಿ ಸ್ವಂತ ಕೈಯಾರೆ ಹಾಕಿದ್ದು. ಆಮೇಲೆ ಅವರ ಕೈ ನಡುಗತೊಡಗಿ ದೋಣಿಯ ಕೆಲಸ ನಿಂತಿತು. ಗಂಡ ಹೋಗುತ್ತಿದ್ದ ಮಂಜುಗಡ್ಡೆ ಕಾರ್ಖಾನೆ ವಾರದಲ್ಲಿ ತೆರೆದಿರುವುದಕ್ಕಿಂತ ಮುಚ್ಚಿರುವುದೇ ಹೆಚ್ಚಾಯಿತು. ಆಗ ಸೊಸೆ ದೊಡ್ಡ ಪಾತ್ರೆಯಲ್ಲಿ ಅನ್ನ ಬೇಯಿಸಿ, ಬೇಳೆ, ಪಲ್ಯ, ಸಿಕ್ಕಿದ ದಿನ ಮೀನು ಮಾಡಿ, ಡಬ್ಬಿಗಳಿಗೆ ತುಂಬಿ ಹಲಗೆಯ ತುದಿಯಲ್ಲಿ ಹೋಗಿ ನಿಂತಳು. ಇಟ್ಟಿಗೆ, ಮರಳು ಹೊತ್ತು ಸಾಗುವ ಸರಕು ದೋಣಿಗಳು ಮಧ್ಯಾಹ್ನದ ಹೊತ್ತಿಗೆ ಅಲ್ಲಿಗೆ ಒರಗಿ ನಿಲ್ಲತೊಡಗಿದವು. ಬಿಸಿ ಡಬ್ಬಿ ಕೊಡುವುದು, ನಿನ್ನೆಯ ಖಾಲಿ ಡಬ್ಬಿ ಇಸಿದುಕೊಳ್ಳುವುದು. ದೋಣಿಯವರು ಅವಳನ್ನು ‘ಡಬ್ಬಿ ಅಕ್ಕ’ ಎಂದು ಕರೆದರು. ಮಗಳ ಕಾಲೇಜು, ಅತ್ತೆಯ ಮಾತ್ರೆ, ಮಾವನ ಬೀಡಿ, ಎಲ್ಲ ಆ ಡಬ್ಬಿಗಳ ಮೇಲೇ ನಡೆಯುತ್ತಿತ್ತು. ಬೇರೆಡೆ ದಂಡೆಯೆಲ್ಲ ಮೊಣಕಾಲುದ್ದ ಕೆಸರು. ದೋಣಿ ನಿಲ್ಲಲು ಸರ್ಕಾರ ಕಟ್ಟಿಸಿದ ದಕ್ಕೆ ದೂರ, ಅಲ್ಲಿ ಬೇರುಬಿಟ್ಟ ಹೋಟೆಲಿನವನು ಇನ್ನೊಬ್ಬರನ್ನು ಸುಳಿಯಗೊಡುವವನಲ್ಲ. ಹಲಗೆ ಹೋದರೆ ಡಬ್ಬಿಯೂ ಹೋಯಿತೆಂದೇ ಲೆಕ್ಕ.

ಹೀಗಿರುವಾಗ ಒಂದು ಮಧ್ಯಾಹ್ನ ಮರಳು ದೋಣಿಯ ಚುಕ್ಕಾಣಿಯವನು ಖಾಲಿ ಡಬ್ಬಿಯ ಜೊತೆ ಒಂದು ಸುದ್ದಿಯನ್ನೂ ಕೊಟ್ಟ.

“ಡಬ್ಬಿ ಅಕ್ಕಾ, ಮೇಲ್ಗಡೆ ಜೆಟ್ಟಿಗಳನ್ನೆಲ್ಲ ಕೀಳ್ತಾ ಇದಾರೆ. ಕ್ರೇನ್ ಹೊತ್ತ ದೋಣಿ ಬಂದಿದೆ. ನೀರು ಸಾರ್ವಜನಿಕರದ್ದಂತೆ, ಅದರಲ್ಲಿ ಯಾರು ಕಂಬ ನೆಟ್ಟಿದ್ರೂ ಪರವಾನಗಿ ಬೇಕಂತೆ. ನಿಮ್ಮದಕ್ಕೆ ಇದೆ ತಾನೇ?”

“ಇದ್ದೇ ಇರತ್ತೆ” ಎಂದಳು. ಎದೆಯೊಳಗೆ ಅವಲಕ್ಕಿ ಕುಟ್ಟಲು ಶುರುವಾದದ್ದು ಆಗಲೇ.

ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದಳು. ಮಾವ ತುತ್ತು ನುಂಗಿ, ನೀರು ಕುಡಿದು, ಮೀಸೆ ಒರೆಸಿಕೊಂಡರು. ಅವರದ್ದು ಯಾವುದಕ್ಕೂ ಆತುರವಿಲ್ಲದ ಊಟ.

“ಪರವಾನಗಿ? ನಾನು ಕಂಬ ನೆಡೋವಾಗ ಆ ಕಚೇರಿ ಸಾಹೇಬರೆಲ್ಲ ತೊಟ್ಟಿಲಲ್ಲಿದ್ರು.”

“ತೊಟ್ಟಿಲಿಂದ ಇಳಿದು ಬಂದಿದಾರೆ ತಾತ” ಎಂದಳು ಮೊಮ್ಮಗಳು. ಕಾಲೇಜಿಗೆ ಸೇರಿದ ಮೇಲೆ ಅವಳ ನಾಲಿಗೆ ಇನ್ನಷ್ಟು ಹರಿತವಾಗಿತ್ತು. ಅಂಚೆ ಕಚೇರಿಯ ಗೋಡೆಗೆ ಅಂಟಿಸಿದ್ದ ಪ್ರಕಟಣೆಯ ಫೋಟೊ ಅವಳ ಫೋನಿನಲ್ಲಿತ್ತು. ತಟ್ಟೆಯ ಪಕ್ಕ ಇಟ್ಟುಕೊಂಡು ಓದಿದಳು. ಹಳೆಯ ಜೆಟ್ಟಿಗಳು ಇದ್ದ ಹಾಗೆಯೇ ಇದ್ದು, ಮನೆಯವರ ಬಳಕೆಗೆ ಮಾತ್ರ ಇದ್ದರೆ, ಅಧಿಕಾರಿಗಳು ಬಂದು ಅಳತೆ ಮಾಡಿ ಪರವಾನಗಿ ಕೊಡತಕ್ಕದ್ದು.

“ಮನೆಯವರ ಬಳಕೆಗೆ ಮಾತ್ರ?” ಎಂದ ಗಂಡ.

ಎಲ್ಲರ ಕಣ್ಣೂ ಗೋಡೆಗೆ ಸಾಲಾಗಿ ಜೋಡಿಸಿದ್ದ ಡಬ್ಬಿಗಳ ಮೇಲೆ ಹೋಯಿತು. ಅಲ್ಲಿಗೆ ಆ ಮನೆಯ ಭಯಕ್ಕೆ ಒಂದು ಗುರಿ ಸಿಕ್ಕಿತು. ‘ಇದ್ದ ಹಾಗೆಯೇ’ ಎಂಬ ಮಾತು ಐವರ ಕಿವಿಗೂ ಬಿದ್ದು, ಐವರ ಕಿವಿಯಿಂದಲೂ ಜಾರಿಹೋಯಿತು.

ಅರ್ಜಿ ಹಾಕಿದರು. ಅಳತೆಗೆ ಬರುವ ದಿನ ಗೊತ್ತಾದ ಮೇಲೆ ಮನೆ ಬೀಗರು ಬರುವ ಮನೆಯಂತಾಯಿತು. ಡಬ್ಬಿ ಎಲ್ಲಿ ಬಚ್ಚಿಡುವುದೆಂಬುದೇ ಗಂಡ ಹೆಂಡಿರ ಹಗಲಿರುಳಿನ ಚರ್ಚೆ. ಮಂಚದಡಿ ಸಾಲದು, ಅಟ್ಟ ಹತ್ತಿಸಿದರೆ ಕೆಳಗೆ ಬಿದ್ದು ಸದ್ದಾಗುತ್ತದೆ. ಕೊನೆಗೆ ಹಳೆಯ ಹಾಸಿಗೆಯ ಹಿಂದೆ ಒಟ್ಟಿ ಮೇಲೆ ಚಾದರ ಹೊದಿಸುವುದೆಂದು ತೀರ್ಮಾನವಾಯಿತು.

ಮಾವನ ಚಿಂತೆಯೇ ಬೇರೆ. ಒಂದು ಬೆಳಗ್ಗೆ ಅವರು ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಬೆರಳಿಂದ ಒತ್ತಿ ನೋಡುತ್ತಿದ್ದರು. ಮರ ಮೆತ್ತಗಾಗಿತ್ತು. ಎರಡು ಕಡೆ ತೂತು. ಒಂದು ಕಡೆ ಸೊಸೆ ಜಾರದಿರಲೆಂದು ಗೋಣಿಚೀಲ ಹಾಸಿದ್ದಳು.

“ಇದನ್ನ ನೋಡಿ ಆ ಸಾಹೇಬ ಏನಂದುಕೊಳ್ತಾನೆ? ಮೇಸ್ತ್ರಿ ಅಂತೆ, ಗೋಣಿಚೀಲದ ಮೇಸ್ತ್ರಿ ಅಂತಾನೆ.”

“ಅವನು ಅಳತೆಗೆ ಬರೋದು, ನಿಮಗೆ ಬಹುಮಾನ ಕೊಡೋಕಲ್ಲ” ಎಂದರು ಅತ್ತೆ.

“ನೀನು ಸುಮ್ಮನಿರು.”

ಅಟ್ಟದ ಮೇಲೆ, ಎಂದೋ ಕಟ್ಟಬೇಕೆಂದಿದ್ದ ದೋಣಿಗಾಗಿ ಒಣಗಿಸಿಟ್ಟಿದ್ದ ಒಳ್ಳೆಯ ಮರವಿತ್ತು. ಅದನ್ನು ಇಳಿಸಿದರು. ಮಗನನ್ನು ಜೊತೆಗೆ ಹಾಕಿಕೊಂಡು ಕೀಸುಳಿ ಹಿಡಿದರು. ನಡುಗುವ ಕೈ ಮರ ಮುಟ್ಟಿದ ಕೂಡಲೇ ಅರ್ಧ ನಡುಕ ಮರೆಯಿತು. ಒಂದೊಂದಾಗಿ ಹಳೆಯ ಹಲಗೆ ಕಿತ್ತು ಹೊಸದನ್ನು ಬಡಿದರು. ಕಂಬಗಳಿಗೂ ನೀರಿನ ಮಟ್ಟದವರೆಗೆ ಹೊಸ ಮರ ಹೊದಿಸಿದರು. ಸಾಹೇಬರು ನಡೆಯುವಾಗ ಕಾಲು ತಪ್ಪಬಾರದೆಂದು ಅಂಚಿಗೆ ಇನ್ನೊಂದು ಹಲಗೆ ಸೇರಿಸಿ ಅಗಲ ಮಾಡಿದರು. ಮೇಲೆ ಡಾಂಬರು. ಕೆಲಸ ಮುಗಿದ ಸಂಜೆ ಅದರ ಮೇಲೆ ಆ ತುದಿಯಿಂದ ಈ ತುದಿಗೆ ನಡೆದು, ಸೊಸೆಯನ್ನು ಕರೆದು, “ನಡಿ ನೋಡೋಣ, ಕಿರ್ ಅಂದ್ರೆ ಕೇಳು” ಎಂದರು. ಕಿರ್ ಎನ್ನಲಿಲ್ಲ. ಅವಳಿಗೂ ಖುಷಿಯೇ ಆಯಿತು. ಮಾವ ಅಷ್ಟು ನೆಟ್ಟಗೆ ನಿಂತದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು.

ಕಿತ್ತ ಹಳೆಯ ಮರದ ರಾಶಿಯನ್ನು ಅವಳೇ ಒಲೆಯ ಪಕ್ಕಕ್ಕೆ ಎಳೆದುಕೊಂಡಳು. ಸೌದೆಯ ಖರ್ಚು ಉಳಿಯಿತಲ್ಲ ಎಂದು ಒಳಗೊಳಗೇ ಹಿಗ್ಗಿದಳು. ಉಪ್ಪು ಕುಡಿದ ಮರ, ಉರಿಯುವಾಗ ನೀಲಿ ಬಣ್ಣ ಬರುತ್ತಿತ್ತು. ಆ ಉರಿಯಲ್ಲಿ ಎಷ್ಟೋ ಹೊತ್ತಿನ ಅನ್ನ ಬೆಂದಿತು.

ಅಳತೆಗೆ ಬಂದದ್ದು ಸಾಹೇಬನಲ್ಲ, ಮೇಡಂ. ಸಣ್ಣ ವಯಸ್ಸು, ಕಾಲಿಗೆ ರಬ್ಬರ್ ಬೂಟು, ಹೆಗಲಲ್ಲಿ ಚೀಲ. ಟೇಪಿನ ಒಂದು ತುದಿಯನ್ನು ಗಂಡನ ಕೈಗೆ ಕೊಟ್ಟು ತಾನೇ ಓಡಾಡಿ ಅಳೆದಳು. ಒಳಗೆ ನೀರು ಕುಡಿಯಲು ಬಂದಾಗ ಹಾಸಿಗೆಯ ಹಿಂದಿನ ಚಾದರ ಕಂಡು, “ಡಬ್ಬಿಗಳಾ? ದೋಣಿಯವರಿಗೆ ಊಟ ಕೊಡೋದು ನೀವೇನಾ?” ಎಂದಳು.

ಅತ್ತೆ ಮುಂದೆ ನುಗ್ಗಿದರು. “ಇಲ್ಲಮ್ಮ, ನಮ್ಮನೇಲಿ ಉಣ್ಣೋರು ಜಾಸ್ತಿ.”

ಮೇಡಂ ನಕ್ಕಳು. “ಮನೇಲಿ ಮಾಡಿ ಕೊಡೋ ಊಟಕ್ಕೆ ಯಾರೂ ಏನೂ ಅನ್ನಲ್ಲಮ್ಮ. ಗೋದಾಮು, ಬಂಕು ಇಟ್ಟೋರ ಮಾತು ಬೇರೆ. ಹೆದರಬೇಡಿ.”

ಸೊಸೆ ಚಾದರ ಸರಿಸಿ ಡಬ್ಬಿಗಳನ್ನು ಹೊರಗೆ ತೆಗೆಯತೊಡಗಿದಳು. ಗಂಡ ಅವಳತ್ತ ನೋಡಿ ಕಣ್ಣಲ್ಲೇ ನಕ್ಕ. ಆ ನಗು ಮುಗಿಯುವುದರೊಳಗೆ ಮೇಡಂ ಹೊರಗೆ ಹೋಗಿ ಹಲಗೆಯ ಮೇಲೆ ಬಗ್ಗಿ, ಬೆರಳಿಗೆ ಅಂಟಿದ ಕಪ್ಪನ್ನು ನೋಡುತ್ತಿದ್ದಳು.

“ಯಜಮಾನ್ರೇ, ಡಾಂಬರು ಇನ್ನೂ ಅಂಟ್ತಾ ಇದೆಯಲ್ಲ?”

“ಅಂಟಲೇಬೇಕು” ಎಂದರು ಮಾವ, ಎದೆ ಮುಂದಕ್ಕೆ ಮಾಡಿ. “ಮೊನ್ನೆ ತಾನೇ ಬಳಿದಿದ್ದು. ನೀವು ಬರ್ತೀರಿ ಅಂತ ಒಂದೇ ಒಂದು ಹಳೇ ಹಲಗೆ ಬಿಟ್ಟಿಲ್ಲ. ಕಂಬಕ್ಕೂ ಹೊಸದೇ. ಅಗಲಾನೂ ಮಾಡಿದೀನಿ.”

ಮೇಡಂ ಇನ್ನಷ್ಟು ಬಗ್ಗಿ ಹಲಗೆಯ ಕೆಳಗೂ ಇಣುಕಿ ನೋಡಿದಳು.

“ಹಳೇದು ಎಲ್ಲಿ? ಒಂದು ತುಂಡಾದ್ರೂ ಇದೆಯಾ?”

ಮಾವ ಸೊಸೆಯ ಕಡೆ ನೋಡಿದರು. ಸೊಸೆ ಒಲೆಯ ಕಡೆ ನೋಡಿದಳು. ಏನು ಕೇಳುತ್ತಿದ್ದಾರೆಂದು ಪೂರ್ತಿ ತಿಳಿಯುವ ಮೊದಲೇ ಅವಳು ಓಡಿಹೋಗಿ ಬೂದಿಗೆ ಕೈ ಹಾಕಿದ್ದಳು. ಸಿಕ್ಕಿದ್ದು ಮೂರ್ನಾಲ್ಕು ತುಕ್ಕು ಹಿಡಿದ ಮೊಳೆ. ಅಂಗೈಯಲ್ಲಿಟ್ಟು ತೋರಿಸಿದಳು.

“ಮೊಳೆ ಎಲ್ಲಿಯದಾದ್ರೂ ಆಗಬಹುದಲ್ಲಮ್ಮ” ಎಂದಳು ಮೇಡಂ, ಮೆತ್ತಗೆ. “ನೀವು ಸುಳ್ಳು ಹೇಳ್ತಿದೀರಿ ಅಂತ ನಾನು ಹೇಳ್ತಿಲ್ಲ. ಆದ್ರೆ ನಾನು ಕಣ್ಣಲ್ಲಿ ಕಂಡದ್ದನ್ನ ಬರೀಬೇಕು. ಇದು ಹೊಸ ಜೆಟ್ಟಿ. ಹಳೇದು ತೂತು ಬಿದ್ದು ಹಾಗೇ ಇದ್ದಿದ್ರೆ ಇವತ್ತೇ ಬರೆದುಕೊಟ್ಟು ಹೋಗ್ತಿದ್ದೆ.”

ಹೊಸದಕ್ಕೆ ಹೊಸ ಅರ್ಜಿ ಹಾಕಬೇಕು. ದಂಡೆಯ ಕಾಲುದಾರಿ ಎಲ್ಲರದ್ದು, ಅದಕ್ಕೆ ಅಡ್ಡ ಹಾಕಿದ ಗೇಟು ತೆಗೆಯಬೇಕು. ಪಕ್ಕದ ಮನೆಯವರ ಒಪ್ಪಿಗೆ ಬೇಕು. ಒಂದು ಪಕ್ಕ ಸರ್ಕಾರದ್ದೇ ಪಾಳು ಗೋದಾಮು, ಅದು ಚಿಂತೆಯಿಲ್ಲ. ಇನ್ನೊಂದು ಪಕ್ಕದವರು ಸಹಿ ಹಾಕಿದರೆ ಸಾಕು. ಕ್ರೇನ್ ಇಲ್ಲಿಗೆ ಬರುವುದರೊಳಗೆ ಆ ಸಹಿ ಕಚೇರಿ ಸೇರಿದರೆ ಹಲಗೆಯನ್ನು ಮುಟ್ಟುವುದಿಲ್ಲ. ಇಷ್ಟು ಹೇಳಿ, ಕಂಬದ ಮೇಲೆ ಕೀಳುವ ಜೆಟ್ಟಿಗಳಿಗೆ ಹಾಕುವ ಕೆಂಪು ಗುರುತು ಎಳೆದು ಮೇಡಂ ಹೋದಳು.

“ಪಕ್ಕದ ಮನೆಯವರು” ಎಂಬ ಮಾತು ಬಂದಾಗಲೇ ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಸರಿದಿದ್ದರು.

ಪಕ್ಕದ ಮನೆಯಲ್ಲಿದ್ದದ್ದು ಟೈಲರಮ್ಮ. ಗಂಡ ಇದ್ದಾಗ ಇಬ್ಬರೂ ಹೊಲಿಯುತ್ತಿದ್ದರು, ಈಗ ಒಬ್ಬಳೇ. ಮೊದಲೆಲ್ಲ ಎರಡು ಮನೆಯವರೂ ಹಲಗೆಯಿಂದಲೇ ದೋಣಿ ಹತ್ತುತ್ತಿದ್ದದ್ದು. ಒಮ್ಮೆ ಅವರ ಮನೆಯ ಬಟ್ಟೆಚೂರು ನೀರಿಗೆ ಬಿದ್ದು, ಮಾವ ರಿಪೇರಿಗೆ ತಂದಿದ್ದ ದೋಣಿಯ ಎಂಜಿನ್ನಿನ ಪಂಖಕ್ಕೆ ಸುತ್ತಿಕೊಂಡಿತು. ಮಾತಿಗೆ ಮಾತು ಬೆಳೆಯಿತು. ಮಾರನೆಯ ದಿನವೇ ಮಾವ ಕಾಲುದಾರಿಗೆ ಅಡ್ಡಲಾಗಿ ಗೇಟು ನಿಲ್ಲಿಸಿ ಬೀಗ ಜಡಿದರು. ಅಂದಿನಿಂದ ಟೈಲರಮ್ಮ ಬಟ್ಟೆಗಂಟು ತಲೆಯ ಮೇಲಿಟ್ಟುಕೊಂಡು ಓಣಿ ಸುತ್ತಿ ಸರ್ಕಾರದ ದಕ್ಕೆಗೆ ನಡೆಯುತ್ತಾಳೆ.

ಅಷ್ಟೇ ಆಗಿದ್ದರೆ ಯಾರಾದರೂ ಎಂದಾದರೂ ಮಾತಾಡುತ್ತಿದ್ದರೇನೋ. ಗೇಟು ಹಾಕಿದ ವರ್ಷ ಒಂದು ಮಧ್ಯಾಹ್ನ ಅವಳ ಗಂಡನಿಗೆ ಉಬ್ಬಸ ಕೆರಳಿತು. ಆಸ್ಪತ್ರೆ ಆಚೆ ದಡದಲ್ಲಿ. ಟೈಲರಮ್ಮ ಬಂದು ಗೇಟು ಬಡಿದಳು. ಎಷ್ಟೋ ಹೊತ್ತು ಬಡಿದಳು. ಆಮೇಲೆ ಗಂಡನನ್ನು ಯಾರಾರೋ ಹೊತ್ತು ಕೆಸರಿನಲ್ಲಿ ಇಳಿಸಿ ದೋಣಿ ಹತ್ತಿಸಿದರು. ಆ ಸಲ ಅವನು ಬದುಕಿಕೊಂಡ. ಸತ್ತದ್ದು ಎಷ್ಟೋ ಕಾಲದ ಮೇಲೆ, ಬೇರೆ ಕಾಯಿಲೆಯಲ್ಲಿ. ಗೇಟಿಗೂ ಆ ಸಾವಿಗೂ ಸಂಬಂಧವಿರಲಿಲ್ಲ. ಈ ಮಾತನ್ನು ಮೇಸ್ತ್ರಿಯ ಮನೆಯವರು ತಮ್ಮತಮ್ಮಲ್ಲೇ ಅದೆಷ್ಟು ಸಲ ಹೇಳಿಕೊಂಡಿದ್ದರೋ.

ಮೇಡಂ ಹೋದ ಸಂಜೆ ಮನೆಯಲ್ಲಿ ಹಾರಾಡದವರೇ ಇಲ್ಲ.

“ನಿಮಗೆ ಯಾರು ಹೇಳಿದ್ರು ಅಪ್ಪಾ ಸಿಂಗಾರ ಮಾಡೋಕೆ?” ಎಂದ ಗಂಡ.

“ಮೊಳೆ ಕೊಟ್ಟೋನು ನೀನೇ ಅಲ್ವೇನೋ?”

“ತಾತ, ನಾನು ಓದಿ ಹೇಳಿದ್ದೆ. ಇದ್ದ ಹಾಗೆಯೇ ಅಂತ.”

“ಓದಿದೋಳು ಆಮೇಲಾದ್ರೂ ನೆನಪು ಮಾಡಬೇಕಿತ್ತು. ಫೋನ್ ತಿಕ್ಕೋಕೆ ಹೊತ್ತಿರತ್ತೆ.”

“ಅವಳನ್ನ ಯಾಕೆ ಅಂತೀರಿ” ಎಂದರು ಅತ್ತೆ. “ಒಂದು ತುಂಡು ಎತ್ತಿಡಬೇಕು ಅಂತ ಯಾರಿಗೂ ಹೊಳೀಲಿಲ್ಲ. ಸೌದೆ ಕಂಡ್ರೆ ಸಾಕು ಈ ಮನೇಲಿ, ಒಲೆಗೆ ತುರುಕೋದೇ.”

ಸೊಸೆ ಎಲೆಕೋಸು ಹೆಚ್ಚುತ್ತಿದ್ದಳು, ಹೆಚ್ಚುತ್ತಲೇ ಇದ್ದಳು. ತನ್ನ ಕೈಯಾರೆ ತನ್ನ ಅನ್ನವನ್ನೇ ಉರಿಸಿದೆನಲ್ಲ ಎಂದು ಅವಳಿಗೆ ಅಳು ಒತ್ತಿಕೊಂಡು ಬರುತ್ತಿತ್ತು. ಆ ಹೊತ್ತಿಗೆ ಅಳಲು ಕೂತರೆ ಡಬ್ಬಿ ಯಾರು ತೊಳೆಯಬೇಕು?

ಆಮೇಲಿನ ವಾರಗಳಲ್ಲಿ ದೋಣಿಯವರು ಹಲಗೆಗೆ ಬರುವಾಗಲೆಲ್ಲ ಕ್ರೇನಿನ ಸುದ್ದಿ ತರುತ್ತಿದ್ದರು. ಎಣ್ಣೆ ಗಾಣದವನ ಜೆಟ್ಟಿ ಹೋಯಿತು. ಶಾಲೆಯ ಹಿಂದಿನದು ಉಳಿಯಿತು, ಅವರ ಹತ್ತಿರ ಕಾಗದವಿತ್ತು. ದೊಡ್ಡ ಬಂಗಲೆಯವರು ವಕೀಲನನ್ನು ನಿಲ್ಲಿಸಿದರು, ಆದರೂ ಹೋಯಿತು. ಸೊಸೆಗೆ ಊಟ ರುಚಿಸದಾಯಿತು. ಪಾತ್ರೆ ಬಿದ್ದರೆ ಬೆಚ್ಚುತ್ತಿದ್ದಳು. ಎರಡು ಸಲ ಬೇಳೆಗೆ ಉಪ್ಪು ಎರಡೆರಡು ಬಾರಿ ಬಿದ್ದು, ಚುಕ್ಕಾಣಿಯವನು, “ಅಕ್ಕಾ, ಸಮುದ್ರಕ್ಕೆ ಹೋಗದೇನೇ ಸಮುದ್ರ ಕುಡಿಸಿಬಿಟ್ರಿ” ಎಂದು ತಮಾಷೆ ಮಾಡಿದ. ಅವಳು ನಗಲು ಹೋಗಿ ಸೋತಳು.

ಮೊದಲು ಅತ್ತೆ ಟೈಲರಮ್ಮನ ಬಾಗಿಲಿಗೆ ಹೋದರು, ಒಂದು ಬುಟ್ಟಿ ಮೊಟ್ಟೆ ಹಿಡಿದು. ಹೋದ ಹಾಗೆಯೇ ಮೊಟ್ಟೆ ಸಮೇತ ಬಂದರು. ಆಮೇಲೆ ಗಂಡ ಹೋದ. ಅವನಿಗೆ ಚಹಾ ಸಿಕ್ಕಿತು, ಸಹಿ ಸಿಗಲಿಲ್ಲ. ಕೊನೆಗೆ ಸೊಸೆ ಹೋದಳು.

ಟೈಲರಮ್ಮ ಮೆಷಿನ್ನಿನ ಹಿಂದೆ ಕೂತಿದ್ದಳು. ನೆಲದ ತುಂಬ ಯಾವುದೋ ಶಾಲೆಯ ನೀಲಿ ಸಮವಸ್ತ್ರದ ತುಂಡುಗಳು. ಕಾಲು ಇಡಲು ಜಾಗ ಹುಡುಕುತ್ತ ಸೊಸೆ ಬಾಗಿಲಲ್ಲೇ ನಿಂತಳು.

“ಕೂತ್ಕೋಮ್ಮ. ಆ ಸ್ಟೂಲ್ ಎಳಕೋ.”

“ಅಕ್ಕಾ, ನಿಮಗೆ ಗೊತ್ತಿದೆ ನಾನು ಯಾಕೆ ಬಂದೆ ಅಂತ. ಹಲಗೆ ಹೋದ್ರೆ ನಮ್ಮ ಒಲೆ ಹೊತ್ತಲ್ಲ. ಗೇಟು ತೆಗೆದೇ ತೆಗೀತೀವಿ. ನೀವು ಓಡಾಡಿ, ಬಟ್ಟೆ ಅಲ್ಲಿಂದ್ಲೇ ಸಾಗಿಸಿ. ಬೇಕಾದ್ರೆ ದಿನಾ ಒಂದು ಡಬ್ಬಿ...”

“ಡಬ್ಬಿ ಬೇಡ. ನನಗೆ ಕೈಕಾಲು ಗಟ್ಟಿಯಿದೆ, ಬೇಯಿಸ್ಕೊಳ್ತೀನಿ.” ಟೈಲರಮ್ಮ ದಾರ ಕಡಿದು, ಸೂಜಿಗೆ ಮತ್ತೆ ಪೋಣಿಸಿದಳು. “ನಿನ್ನ ಮೇಲೆ ನನಗೆ ಕೋಪ ಇಲ್ಲ. ನಿನ್ನ ಹೊಟ್ಟೆ ಮೇಲೆ ಹೊಡೀಬೇಕು ಅಂತಾನೂ ಇಲ್ಲ. ಹಲಗೆ ಯಾರದ್ದು?”

“ಮಾವಂದು.”

“ಹಾಗಿದ್ರೆ ಅವರು ಬರಲಿ. ನನ್ನ ಬಾಗಿಲು ತಟ್ಟಲಿ. ನಾನೂ ಒಂದ್ಸಲ ತಟ್ಟಿದ್ದೆ.”

“ಅವತ್ತು ಅವರಿಗೆ ಕೇಳಿಸಲಿಲ್ಲ ಅಕ್ಕಾ.” ಬಾಯಿಂದ ಅದು ತಾನಾಗಿ ಬಂತು. ಆ ಮನೆಯಲ್ಲಿ ಎಲ್ಲರಿಗೂ ಅದು ಬಾಯಿಪಾಠವಾಗಿತ್ತು.

ಟೈಲರಮ್ಮ ತಲೆಯೆತ್ತಿ ನೋಡಿದಳು. “ನನಗೆ ತಟ್ಟೆ ಸದ್ದು ಕೇಳ್ತಾ ಇತ್ತಮ್ಮ. ನೀನು ಬಡಿಸ್ತಾ ಇದ್ದೆ.”

ಅಲ್ಲಿಂದ ಹೇಗೆ ಎದ್ದು ಬಂದಳೋ ಸೊಸೆಗೆ ನೆನಪಿಲ್ಲ. ಓಣಿ ಸುತ್ತಿ ಮನೆಗೆ ಬರುವಷ್ಟರಲ್ಲಿ ಮುಖವೆಲ್ಲ ಬೆಂಕಿಯಾಗಿತ್ತು.

ಸುದ್ದಿ ಕೇಳಿ ಮಾವ ಬೀಡಿ ಎಸೆದರು. “ನಾನು? ಅವಳ ಬಾಗಿಲಿಗೆ? ಈ ಜನ್ಮದಲ್ಲಿ ಇಲ್ಲ. ಕಿತ್ತರೆ ಕೀಳಲಿ. ನಾನೇ ಹಾಕಿದ್ದು, ಹೋದರೆ ನನ್ನದೇ ಹೋಗತ್ತೆ.”

“ನಿಮ್ಮದು ಮಾತ್ರ ಹೋಗತ್ತಾ?” ಎಂದ ಗಂಡ. “ಇವಳು ಅಷ್ಟು ಡಬ್ಬಿ ಹೊತ್ಕೊಂಡು ಎಲ್ಲಿಗೆ ಹೋಗ್ತಾಳೆ?”

“ಗಂಡಸು ನೀನಿದೀಯಲ್ಲ. ದುಡಿ.”

ಗಂಡ ಎದ್ದು ಮುಂಬಾಗಿಲಿಂದ ಹೊರಟುಹೋದ. ಎರಡು ದಿನ ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅತ್ತೆ ಪಾತ್ರೆಗಳಿಗೆ ಎಲ್ಲವನ್ನೂ ಹೇಳಿದರು. ಮೊಮ್ಮಗಳು, “ಅಮ್ಮಾ, ನಾನು ಒಂದು ವರ್ಷ ಕಾಲೇಜು ಬಿಟ್ಟು ಎಲ್ಲಾದ್ರೂ ಕೆಲಸಕ್ಕೆ ಹೋಗ್ತೀನಿ” ಎಂದಾಗ ಸೊಸೆ ಸೌಟು ತೋರಿಸಿ ಗದರಿದಳು. ಗದರಿ ಮುಗಿದ ಮೇಲೆ, ಅವಳು ಹೇಳಿದ್ದರಲ್ಲಿ ತಪ್ಪೇನೆಂದು ಹೊಳೆಯದೆ ಇನ್ನಷ್ಟು ಹೆದರಿದಳು.

ಮಾವನ ಮುಂದೆ ಜೋರು ಮಾತಾಡಿದವಳಲ್ಲ ಅವಳು. ಮದುವೆಯಾಗಿ ಬಂದ ಹೊಸತರಲ್ಲಿ ಹೆದರಿಕೆಯಿಂದ, ಆಮೇಲೆ ಅಭ್ಯಾಸದಿಂದ. ಅವರು ಕೆಟ್ಟವರೂ ಅಲ್ಲ. ಅವಳ ಬಾಣಂತನದಲ್ಲಿ ದಿನವೂ ಬಿಸಿನೀರು ಹೊತ್ತು ತಂದವರು ಅವರೇ. ಆದರೆ ಅವರ ಊಟದ ನಡುವೆ ಯಾರೂ ಎದ್ದು ಹೋಗಬಾರದು, ಯಾರೂ ಎದ್ದು ಬಾ ಎನ್ನಲೂಬಾರದು. ಅದು ಆ ಮನೆಯ ಕಟ್ಟಳೆ.

ಆ ಮಧ್ಯಾಹ್ನ ಸದ್ದು ಮೊದಲ ಬಾರಿ ಮನೆಯೊಳಗೇ ಕೇಳಿಸಿತು. ಕಬ್ಬಿಣ ನರಳುವ ಸದ್ದು, ಆಮೇಲೆ ಏನೋ ಭಾರವಾದದ್ದು ನೀರಿಗೆ ಬಿದ್ದ ಸದ್ದು. ಮೊಮ್ಮಗಳು ಹಲಗೆಯ ತುದಿಗೆ ಓಡಿ ನೋಡಿಕೊಂಡು ಬಂದಳು.

“ಇಟ್ಟಿಗೆ ಭಟ್ಟಿ ಹತ್ರ ಇದೆ. ಕ್ರೇನ್ ಕಾಣಿಸ್ತಾ ಇದೆ. ನಾಳೆ ಇಲ್ಲಿಗೆ ಬರತ್ತೆ.”

ಮಾವ ಉಣ್ಣುತ್ತಿದ್ದರು. ಗಂಡ ಅರ್ಧಕ್ಕೇ ತಟ್ಟೆ ಸರಿಸಿದ. ಸೊಸೆ ಮಾವನ ತಟ್ಟೆಗೆ ಎರಡನೆಯ ಸಲ ಅನ್ನ ಬಡಿಸಲು ಬಗ್ಗಿದ್ದಳು. ಸೌಟು ಕೈಯಲ್ಲೇ ಇತ್ತು. ಮತ್ತೆ ನರಳುವ ಸದ್ದು ಬಂತು.

“ಮಾವ, ಈಗಲೂ ಹೊತ್ತಿದೆ. ಒಂದ್ಸಲ ಹೋಗಿ ಬನ್ನಿ.”

“ಊಟ ಆಗ್ಲಿ. ಆಮೇಲೆ ನೋಡೋಣ.”

ಸೌಟು ಪಾತ್ರೆಗೆ ಬಿತ್ತು. ಬಿದ್ದ ಸದ್ದಿಗೆ ಅತ್ತೆ ಬೆಚ್ಚಿದರು.

“ಅವತ್ತೂ ಇದೇ ಅಂದ್ರಿ ಮಾವ.”

ಬಗ್ಗಿದ್ದ ಸೊಸೆ ನೆಟ್ಟಗಾದಳು.

“ಅವತ್ತೂ ಇಲ್ಲೇ ಕೂತಿದ್ರಿ. ಅವರು ಗೇಟು ಬಡೀತಾ ಇದ್ರು. ನಾನು ನಿಮ್ಮ ಮುಖ ನೋಡಿದೆ. ಊಟ ಆಗ್ಲಿ, ಆಮೇಲೆ ನೋಡೋಣ ಅಂದ್ರಿ. ನಾನು ಮತ್ತೆ ಅನ್ನ ಬಡಿಸಿದೆ. ನೀವು ಕೈ ತೊಳೆದು, ಬೀಗದ ಕೈ ತಗೊಂಡು ಹೋಗೋವಾಗ ಗೇಟ್ ಹತ್ರ ಯಾರೂ ಇರಲಿಲ್ಲ. ಕೇಳಿಸಲಿಲ್ಲ ಅಂತ ಈ ಮನೇಲಿ ಎಲ್ಲರೂ ಹೇಳ್ತೀವಿ. ನಾನೂ ಹೇಳ್ತೀನಿ. ಮೊನ್ನೆ ಅವರ ಮುಂದೇನೇ ಹೇಳಿ ಬಂದೆ. ಅವರಿಗೆ ನಮ್ಮ ತಟ್ಟೆ ಸದ್ದು ಕೇಳಿಸಿತ್ತಂತೆ.”

ಅತ್ತೆ “ಸಾಕು ಸುಮ್ಮನಿರೇ” ಎಂದರು. ದನಿಯಲ್ಲಿ ಬಲವಿರಲಿಲ್ಲ. ಮೊಮ್ಮಗಳು ತಾತನನ್ನೇ ನೋಡುತ್ತಿದ್ದಳು. ಆ ನೋಟ ಮಾವನಿಗೆ ತಾಗಿತೋ, ಸೊಸೆಯ ಮಾತು ತಾಗಿತೋ ಹೇಳಲು ಬಾರದು. ಅವರು ತಟ್ಟೆಯಲ್ಲಿ ಕಲಸಿದ ಅನ್ನವನ್ನು ನೋಡುತ್ತ ಕೂತರು. ಸೊಸೆಗೆ, ಆಡಬಾರದ್ದನ್ನು ಆಡಿಬಿಟ್ಟೆ, ಇನ್ನು ಈ ಮನೆಯಲ್ಲಿ ತನಗೆ ಜಾಗವಿಲ್ಲ ಎನ್ನಿಸಿತು.

ಮಾವ ಎದ್ದರು. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ಕೈಯನ್ನೂ ತೊಳೆಯಲಿಲ್ಲ. ಅನ್ನ ಮೆತ್ತಿದ ಬಲಗೈಯನ್ನು ಮೈಯಿಂದ ದೂರ ಹಿಡಿದುಕೊಂಡು ಹಿಂದಿನ ಬಾಗಿಲಿಂದ ಇಳಿದು ನಡೆದರು. ಗೇಟಿನ ಬಳಿ ನಿಂತು ಎಡಗೈಯಿಂದ ಸೊಂಟದ ಬೀಗದ ಕೈ ತೆಗೆದು ತಡಕಾಡಿದರು. ಬೀಗ ತುಕ್ಕು ಹಿಡಿದಿತ್ತು. ಸಹಾಯಕ್ಕೆಂದು ಗಂಡ ಒಂದು ಹೆಜ್ಜೆ ಇಟ್ಟ, ಸೊಸೆ ಅವನ ತೋಳು ಹಿಡಿದು ನಿಲ್ಲಿಸಿದಳು. ಕೊನೆಗೆ ಬೀಗ ಬಿಟ್ಟಿತು.

ಟೈಲರಮ್ಮನ ಹಿಂಬಾಗಿಲು ಗೇಟಿನಿಂದ ಕೂಗಳತೆಯಲ್ಲೇ ಇತ್ತು. ಒಳಗೆ ಮೆಷಿನ್ ಓಡುವ ಸದ್ದು. ಮಾವ ಎಡಗೈಯಿಂದ ತಟ್ಟಿದರು.

ಮೆಷಿನ್ ನಿಂತಿತು. ಬಾಗಿಲು ತೆರೆಯಲಿಲ್ಲ.

ಮತ್ತೆ ತಟ್ಟಿದರು. ಸ್ವಲ್ಪ ಜೋರಾಗಿ. ಏನೂ ಇಲ್ಲ. ಇಟ್ಟಿಗೆ ಭಟ್ಟಿಯ ಕಡೆ ಇನ್ನೊಂದು ಕಂಬ ನೀರಿಗೆ ಬಿತ್ತು. ಚಪ್ಪರದಡಿ ನಿಂತ ನಾಲ್ವರೂ ಆ ಬಾಗಿಲನ್ನೇ ನೋಡುತ್ತಿದ್ದರು. ತೆರೆಯುವುದಿಲ್ಲ, ಸೊಸೆಗೆ ಖಾತ್ರಿಯಾಯಿತು. ಯಾಕಾದರೂ ತೆರೆಯಬೇಕು? ಮಾವ ಇನ್ನೇನು ತಿರುಗಿ ಬರುತ್ತಾರೆ, ಬಂದವರು ತನ್ನ ಮುಖ ನೋಡುತ್ತಾರೆ. ಆದರೆ ಅವರು ತಿರುಗಲಿಲ್ಲ. ಮೂರನೆಯ ಸಲ ತಟ್ಟಿದರು. ತಟ್ಟುತ್ತಲೇ ಇದ್ದರು.

“ಯಾರು?” ಒಳಗಿನಿಂದ ದನಿ ಬಂತು.

ಯಾರೆಂದು ಟೈಲರಮ್ಮನಿಗೆ ಗೊತ್ತಿಲ್ಲದೆ ಏನು? ಕಿಟಕಿ ಅಲ್ಲೇ ಇತ್ತು. ಮೇಸ್ತ್ರಿ ಎಂದರೆ ಈ ದಂಡೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು.

“ನಾನಮ್ಮ” ಎಂದರು ಮಾವ. “ಪಕ್ಕದ ಮನೆಯವನು.”

ಅಗುಳಿ ಸರಿಯಿತು. ಟೈಲರಮ್ಮ ಬಾಗಿಲಲ್ಲಿ ನಿಂತು ಅವರ ಮುಖ ನೋಡಿದಳು, ಅನ್ನ ಒಣಗುತ್ತಿದ್ದ ಕೈ ನೋಡಿದಳು. ತುಂಬ ಹೊತ್ತು ಆ ಕೈಯನ್ನೇ ನೋಡಿದಳು.

“ಊಟದ ಮಧ್ಯ ಎದ್ದು ಬಂದಿರಾ?”

“ಹೌದು.”

“ಒಳಗೆ ಬನ್ನಿ. ಬಟ್ಟೆ ಹರಡಿದೆ, ತುಳೀಬೇಡಿ. ಮೊದಲು ಕೈ ತೊಳ್ಕೊಳ್ಳಿ.”

ಬಾಗಿಲು ಮುಚ್ಚಿತು. ಒಳಗೆ ಏನು ಮಾತಾಯಿತೆಂದು ಆ ಮನೆಯಲ್ಲಿ ಯಾರಿಗೂ ಇಂದಿಗೂ ಗೊತ್ತಿಲ್ಲ. ಅತ್ತೆ ಎಷ್ಟೋ ಸಲ ಕೆದಕಿ ನೋಡಿ ಸೋತರು. ಅಂದು ಸಂಜೆಯೊಳಗೆ ಸಹಿಯಾದ ಕಾಗದ ಹಿಡಿದುಕೊಂಡು ಗಂಡ ಮಗಳು ಇಬ್ಬರೂ ಕಚೇರಿಗೆ ಓಡಿ, ಮೇಡಂ ಚೀಲ ಹೆಗಲಿಗೇರಿಸಿ ಹೊರಡುವ ಹೊತ್ತಿಗೆ ಮುಟ್ಟಿಸಿದರೆಂಬುದಷ್ಟೇ ಸತ್ಯ. ಮಾರನೆಯ ದಿನ ಕ್ರೇನಿನ ದೋಣಿ ಹಲಗೆಯ ಪಕ್ಕದಲ್ಲೇ ನಿಧಾನಕ್ಕೆ ಸಾಗಿತು. ಸೊಸೆ ಡಬ್ಬಿ ಹಿಡಿದು ನಿಂತಿದ್ದವಳು ಕಂಬಕ್ಕೆ ಆತುಕೊಂಡಳು. ದೋಣಿಯಲ್ಲಿದ್ದವನೊಬ್ಬ ಕೆಂಪು ಗುರುತು ನೋಡಿದ, ಕೈಯಲ್ಲಿದ್ದ ಕಾಗದ ನೋಡಿದ, ಮುಂದೆ ಹೋಗು ಎಂದು ಕೈಬೀಸಿದ. “ಊಟ ಇದೆಯೇನಕ್ಕಾ?” ಎಂದು ಬೇರೆ ಕೂಗಿದ. ಅವಳು ಕೈಯಲ್ಲಿದ್ದ ಡಬ್ಬಿಯನ್ನು ಮೇಲಕ್ಕೆತ್ತಿ ತೋರಿಸಿದಳು.

ಪರವಾನಗಿ ಪೂರ್ತಿ ಕೈಗೆ ಬರಲು ಇನ್ನೂ ವಾರಗಳಿದ್ದವು. ಅಲ್ಲಿಯವರೆಗೆ ಅವಳ ಎದೆಯ ಕುಟ್ಟಾಟ ಪೂರ್ತಿ ನಿಲ್ಲುವಂತಿರಲಿಲ್ಲ. ಆ ಮಧ್ಯಾಹ್ನ ಒಲೆಯ ಮುಂದೆ ಕೂತು ಪಾತ್ರೆ ತಿಕ್ಕುತ್ತಿದ್ದಾಗ ಮಾವ ಹತ್ತಿರ ಬಂದು ನಿಂತರು. ನಿನ್ನೆಯಿಂದ ಅವರು ಅವಳೊಂದಿಗೆ ಒಂದು ಮಾತೂ ಆಡಿರಲಿಲ್ಲ.

“ಇಕ್ಕಳ ಎಲ್ಲಿದೆಯಮ್ಮ?”

ಕೊಟ್ಟಳು. ಅವರು ಗೇಟಿನ ಕೀಲುಗಳನ್ನು ಒಂದೊಂದಾಗಿ ಕಿತ್ತರು. ಕೈ ನಡುಗಿದಾಗ ನಿಂತು, ಮತ್ತೆ ಹಿಡಿದರು. ಕಳಚಿದ ಗೇಟನ್ನು ದರದರ ಎಳೆದುಕೊಂಡು ಬಂದು, ಕೊಡಲಿಯಿಂದ ತುಂಡು ಮಾಡಿ, ಒಲೆಯ ಬಾಯಿಗೆ ತಂದು ಹಾಕಿದರು.

“ನಾಳೆ ಡಬ್ಬಿಗೆ ಇದನ್ನೇ ಉರಿಸು.”

ಸೊಸೆ ಒಂದು ತುಂಡನ್ನು ಕೈಗೆತ್ತಿಕೊಂಡಳು. ಒಲೆಗೆ ಹಾಕಲು ಹೋದವಳಿಗೆ ಹಳೆಯ ಭಯ ಕೈ ಹಿಡಿಯಿತು.

“ಮಾವ, ಒಂದು ತುಂಡು ಎತ್ತಿಡ್ಲಾ? ನಾಳೆ ಯಾರಾದ್ರೂ ಬಂದು, ಇಲ್ಲಿ ಏನಿತ್ತು ತೋರಿಸಿ ಅಂದ್ರೆ?”

ಮಾವ ಆ ತುಂಡನ್ನು ಅವಳ ಕೈಯಿಂದ ತೆಗೆದುಕೊಂಡು, ತಾವೇ ಬಗ್ಗಿ ಒಲೆಯೊಳಕ್ಕೆ ತಳ್ಳಿದರು.

“ಬೇಡ. ಇದಕ್ಕೆ ಸಾಕ್ಷಿ ಬೇಡ.”